ನಾವು ಹದಿನಾಲ್ಕು ಮಂದಿ ಇದ್ದೇವೆ: ಸಂಘ ಕಟ್ಟಬೇಕೇ, ಪಕ್ಷ ಸೇರಬೇಕೇ, ಹೀಗೆಯೇ ಇರಬೇಕೇ?

ತೂಬಿನ ಕೆಳಗಿನವ
2025 ನವೆಂಬರ್ 8

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪೂರ್ವ ಭಾಗದಲ್ಲಿ, ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಯತ್ತ ಸಾಗುವ ದಾರಿಗೆ ಹತ್ತಿರದ ಒಂದು ಹಳೆಯ ಊರಿನವನು. ಊರು ಎನ್ನುವುದು ಈಗ ಮಾತಿಗೆ ಮಾತ್ರ; ಗ್ರಾಮಠಾಣದ ನಾಲ್ಕು ಬೀದಿಗಳು, ಅವುಗಳ ಸುತ್ತ ಪಿ.ಜಿ.ಗಳು, ಅದರಾಚೆ ಅಪಾರ್ಟ್‌ಮೆಂಟ್‌ಗಳು, ರಾಜಕಾಲುವೆಯ ಅಂಚಿಗೆ ತಗಡಿನ ಶೆಡ್‌ಗಳು. ವಯಸ್ಸು 20, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ನಾನು ಆರನೆಯ ತರಗತಿಯಲ್ಲಿದ್ದೆ. ನೀರಿಗೆ ಬೆಂಕಿ ಹತ್ತುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿ ಬೈಸಿಕೊಂಡದ್ದು ನೆನಪಿದೆ. ಮರುವರ್ಷ ಜನವರಿಯಲ್ಲಿ ಅದೇ ಕೆರೆ ಮತ್ತೆ ಹೊತ್ತಿಕೊಂಡಿತು.

ನಮ್ಮ ಬೀದಿಯಲ್ಲಿ ಬೆಳ್ಳಿ ಸಾಮಾನನ್ನು ಹೊರಗಿಡುವಂತಿಲ್ಲ. ಅಮ್ಮ ಗೌರಿ ಹಬ್ಬಕ್ಕೆ ತಿಕ್ಕಿ ದೇವರ ಗೂಡಿನಲ್ಲಿಟ್ಟ ಕುಂಕುಮದ ಬಟ್ಟಲು ದೀಪಾವಳಿಯ ಹೊತ್ತಿಗೆ ಬಾಣಲೆಯ ತಳದ ಬಣ್ಣಕ್ಕೆ ತಿರುಗಿರುತ್ತದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆಂದು ಪಿಯುಸಿಯಲ್ಲಿ ಓದಿದ್ದೆ, ಪ್ರಯೋಗಾಲಯಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಅದೇ ಗಾಳಿಯನ್ನು ನನ್ನ ಅಜ್ಜಿಯ ಶ್ವಾಸಕೋಶವೂ ಸೇವಿಸುತ್ತಿದೆ ಎಂಬುದು ಮಾತ್ರ ಪಾಠದಲ್ಲಿ ಇರಲಿಲ್ಲ.

ಕಳೆದ ಮಳೆಗಾಲದಿಂದ ನಾವು ಹದಿನಾಲ್ಕು ಮಂದಿ, 17ರಿಂದ 24 ವರ್ಷದ ಒಳಗಿನವರು, ಭಾನುವಾರ ಸಂಜೆ ಸೇರುತ್ತಿದ್ದೇವೆ. ಶೌಚಗುಂಡಿ ಖಾಲಿ ಮಾಡುವ ಲಾರಿಗಳು, ಅಂದರೆ ಇಲ್ಲಿ ಎಲ್ಲರೂ ಹನಿಸಕ್ಕರ್ ಎನ್ನುವಂಥವು, ರಾತ್ರಿ ಹನ್ನೆರಡರ ಮೇಲೆ ಬಂದು ರಾಜಕಾಲುವೆಗೆ ಪೈಪು ಇಳಿಬಿಡುವುದನ್ನು ಹನ್ನೊಂದು ರಾತ್ರಿ ಕಾದು ಕುಳಿತು, ಸಮಯದೊಡನೆ ಬರೆದಿಟ್ಟು, ಫೋಟೋ ತೆಗೆದು, ಮನವಿ ಬರೆದು ಸಂಬಂಧಪಟ್ಟ ಕಚೇರಿಗೆ ಒಯ್ದೆವು. ಅಲ್ಲಿದ್ದವರು ಕಾಗದವನ್ನು ಓದದೆಯೇ ಮೇಜಿನ ಮೂಲೆಗೆ ಸರಿಸಿ, ದೊಡ್ಡವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಕೇಳಿದರೆ ಸದಸ್ಯತ್ವ ಮನೆಯ ಮಾಲೀಕರಿಗೆ ಮಾತ್ರವಂತೆ. ನಮ್ಮಲ್ಲಿ ಒಂಬತ್ತು ಮಂದಿ ಬಾಡಿಗೆ ಮನೆಯವರು. ಇದರ ನಡುವೆ ಒಂದು ಪಕ್ಷದ ಸ್ಥಳೀಯ ಮುಖಂಡರು ತಾವಾಗಿಯೇ ಕರೆದು, ಯುವ ಘಟಕಕ್ಕೆ ಬಂದರೆ ಎಲ್ಲವನ್ನೂ ಮಾಡಿಸಿಕೊಡುವುದಾಗಿ ಹೇಳಿದರು. ಅವರು ಮೊದಲ ಕೆಲಸವಾಗಿ ನಮಗೆ ವಹಿಸಿದ್ದು ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವುದು.

ಸಂಘವೆಂದು ನೋಂದಾಯಿಸಿಕೊಂಡರೆ ನಮ್ಮ ಮಾತಿಗೆ ತೂಕ ಬರುತ್ತದೆಯೇ, ಅಥವಾ ಪಕ್ಷದೊಳಗೆ ಹೋಗದೆ ಈ ನಗರದಲ್ಲಿ ಏನೂ ಆಗುವುದಿಲ್ಲವೇ? ಇವೆರಡೂ ಬೇಡವೆನ್ನುವುದಾದರೆ, ನೋಂದಣಿಯಿಲ್ಲದ ಹದಿನಾಲ್ಕು ಮಂದಿ ಯಾವ ಬಾಗಿಲಿನಿಂದ ಒಳಗೆ ಹೋಗಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.


ಹೊಂಗೆ ನೆರಳು
2025 ನವೆಂಬರ್ 9

ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ಮೊದಲು ನೀವು ಬರೆಯದೇ ಬಿಟ್ಟ ಒಂದು ವಿವರವನ್ನು ಕೇಳುತ್ತೇನೆ: ಆ ಮನವಿಗೆ ಮೊಹರು ಬಿದ್ದಿತೇ? ಬಿದ್ದಿಲ್ಲವೆಂದೇ ತೋರುತ್ತದೆ. ಹಾಗಿದ್ದರೆ ಕಚೇರಿಯ ಲೆಕ್ಕದಲ್ಲಿ ನೀವು ಅಲ್ಲಿಗೆ ಹೋಗಿಯೇ ಇಲ್ಲ. ಮುಂದಿನ ಬಾರಿ ಎರಡು ಪ್ರತಿ ಒಯ್ಯಿರಿ; ಸಾಹೇಬರ ಕೊಠಡಿಯ ಬಾಗಿಲಲ್ಲಿ ನಿಲ್ಲಬೇಡಿ, ನೇರವಾಗಿ ಟಪಾಲು ವಿಭಾಗಕ್ಕೆ ಹೋಗಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ಒಲ್ಲೆವೆಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಜೋಪಾನವಾಗಿಡಿ. ಮನವಿಯ ಕೊನೆಯ ಸಾಲಿನಲ್ಲಿ ‘ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕೆಂದು ಕೋರುತ್ತೇವೆ’ ಎಂದು ಬರೆಯಿರಿ; ಹಿಂಬರಹವೆಂದರೆ ಕಚೇರಿಯ ಲಿಖಿತ ಉತ್ತರ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ನಿಮ್ಮಲ್ಲೊಬ್ಬರು ಮಾಹಿತಿ ಹಕ್ಕಿನಡಿ, ಇಂಥ ಸಂಖ್ಯೆಯ ಟಪಾಲಿನ ಮೇಲಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಕೇಳಲಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದಗಳೊಳಗೆ ಇರಬೇಕು. ಏಕೆ ಕೇಳುತ್ತಿದ್ದೀರಿ ಎಂದು ಅವರು ಪ್ರಶ್ನಿಸುವಂತಿಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ಗುಂಪಿನ ಹೆಸರಿನಲ್ಲಿ ಹಾಕಬೇಡಿ, ವ್ಯಕ್ತಿಯ ಹೆಸರಿನಲ್ಲಿಯೇ ಹಾಕಿ, ಏಕೆಂದರೆ ಆ ಕಾಯ್ದೆಯ ಹಕ್ಕು ಇರುವುದು ಪ್ರಜೆಗೆ, ಸಂಘಕ್ಕಲ್ಲ.

ಯುವಜನರ ದನಿ ಎಂಬ ಮಾತನ್ನು ವೇದಿಕೆಯ ಮೇಲೆ ಎಲ್ಲರೂ ಮೆಚ್ಚುತ್ತಾರೆ. ಆದರೆ ಯಾವ ಕಚೇರಿಯಲ್ಲೂ ಯುವಜನ ಎಂಬ ಹೆಸರಿನ ಕಡತ ಇರುವುದಿಲ್ಲ. ಅರ್ಜಿದಾರ, ಆಕ್ಷೇಪಣೆದಾರ, ಮತದಾರ ಎಂಬ ಹೆಸರಿನವು ಇರುತ್ತವೆ. ಕಾನೂನು ಅಧಿಕಾರಿಯನ್ನು ಕೇಳಿಸಿಕೊಳ್ಳಲೇಬೇಕೆಂದು ಕಟ್ಟಿಹಾಕುವ ಕೆಲವು ಗಳಿಗೆಗಳಿವೆ, ನಿಮ್ಮ ಬಾಗಿಲುಗಳು ಅವೇ. ಸಾರ್ವಜನಿಕ ಯೋಜನೆಯೊಂದಕ್ಕೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪ್ರಭಾವ ಮೌಲ್ಯಮಾಪನ ಅಧಿಸೂಚನೆಯಡಿ, ಕನಿಷ್ಠ 30 ದಿನಗಳ ನೋಟಿಸ್ ಕೊಟ್ಟು, ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆ ಸಭೆಯ ಚಿತ್ರೀಕರಣವಾಗುತ್ತದೆ, ಕೋರಂ ಬೇಕಿಲ್ಲ, ಮಾತನಾಡಲು ಎದ್ದುನಿಂತವರ ಬಳಿ ನೋಂದಣಿ ಪತ್ರವನ್ನು ಯಾರೂ ಕೇಳುವುದಿಲ್ಲ. ಹದಿನಾಲ್ಕು ಮಂದಿ ಹದಿನಾಲ್ಕು ಬೇರೆ ಬೇರೆ ವಿಷಯಗಳನ್ನು ಎರಡೆರಡು ನಿಮಿಷ ಮಾತನಾಡಿದರೆ ನಡಾವಳಿಯಲ್ಲಿ ಹದಿನಾಲ್ಕು ಆಕ್ಷೇಪಣೆಗಳು ದಾಖಲಾಗುತ್ತವೆ.

2016ರ ಅಕ್ಟೋಬರ್ 16ರಂದು ಚಾಲುಕ್ಯ ವೃತ್ತದ ಬಳಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಕೈಕೈ ಹಿಡಿದು ನಿಂತವರಲ್ಲಿ ನಾನೂ ಇದ್ದೆ. ನನ್ನ ಎಡಗೈ ಹಿಡಿದಿದ್ದ ಹುಡುಗ ಭಾನುವಾರವೂ ಕಾಲೇಜಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದ, ಪೊಲೀಸರು ಕೇಳಿದರೆ ಇರಲಿ ಎಂದು ಅವನ ತಾಯಿ ಹೇಳಿದ್ದರಂತೆ. ಆ ಸೇತುವೆ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಅದಕ್ಕೆ ಬಲಿಯಾಗಬೇಕಿದ್ದದ್ದು 812 ಮರಗಳು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಜನ ಆ ಸರಪಳಿಯನ್ನಷ್ಟೇ ನೆನೆಯುತ್ತಾರೆ. 2016ರ ಅಕ್ಟೋಬರ್ ಕೊನೆಯಲ್ಲಿಯೇ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದಿಂದ ತಡೆಯಾಜ್ಞೆ ಬಂದದ್ದು, ಅದಕ್ಕಾಗಿ ಯಾರೋ ಕುಳಿತು ಕಾಗದಪತ್ರ ಜೋಡಿಸಿದ್ದು ಫೋಟೋದಲ್ಲಿ ಕಾಣುವುದಿಲ್ಲ.

ನೋಂದಣಿಗೆ ಈಗ ಅವಸರ ಬೇಡ. ವರ್ಷಕ್ಕೊಮ್ಮೆ ಲೆಕ್ಕಪತ್ರ, ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಜಗಳ ಇವುಗಳಲ್ಲಿ ಒಳ್ಳೆಯ ಗುಂಪುಗಳು ಸವೆದುಹೋದದ್ದನ್ನು ಬಹಳ ನೋಡಿದ್ದೇನೆ. ಪಕ್ಷದ ವಿಷಯ ನಿಮಗೇ ಗೊತ್ತಾಗಿದೆ, ಫ್ಲೆಕ್ಸ್ ಹಗ್ಗ ನಿಮ್ಮ ಕೈಗೆ ಬಂದಿತ್ತಲ್ಲ.


ರಾತ್ರಿ ಪಾಳಿ
2025 ನವೆಂಬರ್ 10

ಹೊಂಗೆ ನೆರಳು ಮೇಡಂ ಹೇಳಿದ ಟಪಾಲಿನ ವಿಷಯ ಸರಿ. ಆದರೆ ಆ ಮನವಿಯಲ್ಲಿ ಏನು ಬರೆದಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಲಾರಿಗಳನ್ನು ತಡೆಯಿರಿ, ಚಾಲಕರ ಮೇಲೆ ಕೇಸು ಹಾಕಿ ಎಂದು ಬರೆದಿರಬಹುದೆಂದು ಊಹಿಸುತ್ತೇನೆ. ನನ್ನ ತಾಯಿ ಇಪ್ಪತ್ತೆರಡು ವರ್ಷ ಈ ನಗರದ ಬೀದಿ ಗುಡಿಸಿದವರು. ನನ್ನ ಚಿಕ್ಕಪ್ಪ ಕೆಲವು ಕಾಲ ಅಂಥದೇ ಲಾರಿಯಲ್ಲಿ ಪೈಪು ಹಿಡಿಯುವ ಕೆಲಸದಲ್ಲಿದ್ದರು. ಆದ್ದರಿಂದ ಪೈಪಿನ ಆ ತುದಿಯಿಂದ ಎರಡು ಮಾತು.

ಲಾರಿ ನಿಮ್ಮ ರಾಜಕಾಲುವೆಗೆ ಬರುವುದು ನಿಮ್ಮ ಸುತ್ತಲ ಕಟ್ಟಡಗಳಿಗೆ ಒಳಚರಂಡಿ ಸಂಪರ್ಕ ಇಲ್ಲದಿರುವುದರಿಂದ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡರು. ಕಟ್ಟಡಗಳು ಎದ್ದವು, ತೆರಿಗೆ ವಸೂಲಾಯಿತು, ಕಾವೇರಿ ಐದನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಆ ಹಳ್ಳಿಗಳಿಗೆಂದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನೀರೇ ಅಷ್ಟು ತಡವಾಗಿ ಬಂದಿರುವಾಗ ಕೊಳಚೆಯ ಕೊಳವೆಯ ಗತಿಯನ್ನು ನೀವೇ ಲೆಕ್ಕ ಹಾಕಿ. ಅಲ್ಲಿಯವರೆಗೆ ಗುಂಡಿ, ಗುಂಡಿ ತುಂಬಿದರೆ ಲಾರಿ. ಲಾರಿಯವನು ಸಂಸ್ಕರಣಾ ಘಟಕದವರೆಗೆ ಹೋಗಿ, ಸರದಿಯಲ್ಲಿ ನಿಂತು, ದುಡ್ಡು ಕಟ್ಟಿ ಬರುವಷ್ಟರಲ್ಲಿ ಅವನ ಎರಡು ಟ್ರಿಪ್ ಹೋಗಿರುತ್ತದೆ, ಅವನ ಮಾಲೀಕ ಅವನಿಗೆ ಟ್ರಿಪ್ ಲೆಕ್ಕದಲ್ಲಿ ಕೂಲಿ ಕೊಡುತ್ತಾನೆ. ನೀವು ಹಿಡಿದುಕೊಟ್ಟರೆ ಸಿಕ್ಕಿಬೀಳುವವನು ಅವನು. ಅವನು ಯಾವ ಜಾತಿಯವನಾಗಿರುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ. ಫೋಟೋದಲ್ಲಿ ಗುಂಡಿಯ ಕಟ್ಟಡದ ಮಾಲೀಕ ಇರುವುದಿಲ್ಲ, ಸಂಪರ್ಕ ಕೊಡದ ಇಲಾಖೆಯೂ ಇರುವುದಿಲ್ಲ.

ಪರಿಸರ ನ್ಯಾಯ ಎಂದು ನಾನು ತಿಳಿದುಕೊಂಡಿರುವುದು ಇದನ್ನೇ. ಈ ನಗರ ತನ್ನ ಕಸವನ್ನು ಮಾವಳ್ಳಿಪುರಕ್ಕೆ ಸುರಿಯಿತು, ಅಲ್ಲಿಯವರು ತಡೆದಾಗ ಮಂಡೂರಿಗೆ ಸುರಿಯಿತು. ಮಂಡೂರಿನವರು ರಸ್ತೆಯಲ್ಲಿ ಕುಳಿತು 2014ರ ಕೊನೆಗೆ ಅದನ್ನು ನಿಲ್ಲಿಸಿದಾಗ ಇನ್ನೊಂದು ಕಲ್ಲುಕ್ವಾರಿಯನ್ನು ಹುಡುಕಿತು. ನಿಮ್ಮ ಕೆರೆಗಳ ಮೇಲ್ಭಾಗದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಮೂರನೆಯ ಹಂತವೂ ಬೇಕೆಂದು ಕೋಲಾರದ ರೈತರು ಕೇಳಿದಾಗ ಬೆಂಗಳೂರಿನ ಪರಿಸರ ಗುಂಪುಗಳಲ್ಲಿ ಎಷ್ಟು ದನಿಗಳು ಎದ್ದವು? 2022ರ ಜುಲೈ ಮೊದಲ ವಾರದಲ್ಲಿ ಪೌರಕಾರ್ಮಿಕರು ಕಾಯಮಾತಿಗಾಗಿ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದರು. ನನ್ನ ತಾಯಿಯೂ ಮಳೆಯಲ್ಲಿ ಅಲ್ಲಿದ್ದರು. ಬಿಸಿನೀರು ತಂದುಕೊಟ್ಟ ಕಾಲೇಜು ಹುಡುಗಿಯರು ಕೆಲವರಿದ್ದರೆಂದು ಇಂದಿಗೂ ಹೇಳುತ್ತಾರೆ, ಹಾಗಾಗಿ ಎಲ್ಲರನ್ನೂ ದೂರುವುದಿಲ್ಲ.

ಭಾಷೆಯ ಮಾತನ್ನೂ ಸೇರಿಸುತ್ತೇನೆ. 2020ರಲ್ಲಿ ಹೊಸ ಪರಿಸರ ಮೌಲ್ಯಮಾಪನದ ಕರಡು ಅಧಿಸೂಚನೆ ಬಂದಾಗ ಅದು ಹಿಂದಿ, ಇಂಗ್ಲಿಷಿನಲ್ಲಷ್ಟೇ ಇತ್ತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ ಕೊನೆಯಲ್ಲಿ ಹೇಳಿತು. ನಮ್ಮ ಹೈಕೋರ್ಟು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟದ್ದರ ಹಿಂದೆಯೂ ಇದೇ ಪ್ರಶ್ನೆ ಇತ್ತು. ತನಗೆ ತಿಳಿಯದ ಭಾಷೆಯಲ್ಲಿ ಆಕ್ಷೇಪಣೆ ಕೇಳಿದರೆ ಕೇಳದಿದ್ದಂತೆಯೇ. ಹಾಗೆಯೇ, ನಿಮ್ಮ ಭಾನುವಾರದ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಶೆಡ್‌ಗಳಲ್ಲಿರುವವರು ರಾಯಚೂರು, ಕಲಬುರಗಿ ಕಡೆಯವರೋ, ಬಂಗಾಳ, ಒಡಿಶಾದವರೋ? ಹದಿನಾಲ್ಕು ಮಂದಿಯಲ್ಲಿ ಅವರು ಎಷ್ಟು? ಬೆಳ್ಳಿ ಬಟ್ಟಲೇ ಇಲ್ಲದ ಮನೆಯಲ್ಲಿ ಅನಿಲವನ್ನು ಯಾವುದರಿಂದ ಅಳೆಯುತ್ತೀರಿ?


ಕಪ್ಪು ಕೋಟು
2025 ನವೆಂಬರ್ 10

ವಕೀಲಿ ವೃತ್ತಿಗೆ ಬಂದು ನಾಲ್ಕು ವರ್ಷವಾಗಿದೆ, ಅಷ್ಟರ ಮಟ್ಟಿಗೆ ಕೆಲವು ಎಚ್ಚರಿಕೆಗಳನ್ನು ಹೇಳುತ್ತೇನೆ.

ಸಂಘ ನೋಂದಣಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸಾಕು. ಯಾರಿಂದಲಾದರೂ ಹಣ ಪಡೆಯುವ ಯೋಚನೆ ಇದ್ದರೆ ಮಾತ್ರ ಅದು ಅನಿವಾರ್ಯ. ಹದಿನೇಳರವರ ಹೆಸರನ್ನು ಸ್ಥಾಪಕರ ಪಟ್ಟಿಗೆ ಸೇರಿಸಬೇಡಿ. ಹಣವಿಲ್ಲದೆ ನಡೆಯುವವರೆಗೆ ಒಂದು ನಡಾವಳಿ ಪುಸ್ತಕ ಇದ್ದರೆ ಸಾಕು, ಅದರಲ್ಲಿ ಪ್ರತಿ ಭಾನುವಾರದ ಹಾಜರಾತಿಗೆ ಸಹಿ ಇರಲಿ.

ಬೀದಿಗೆ ಇಳಿಯುವ ಮೊದಲು 2021ರ ಪೊಲೀಸ್ ಆದೇಶವನ್ನು ತಿಳಿದುಕೊಳ್ಳಿ. ಅದರ ಪ್ರಕಾರ ನಗರದಲ್ಲಿ ಧರಣಿ, ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ, ಅದಕ್ಕೂ ಅನುಮತಿ ಬೇಕು. ಹಿಂದೆ ಸೆಂಟ್ರಲ್ ಜೈಲಾಗಿದ್ದ ಆವರಣವನ್ನೇ ಪ್ರತಿಭಟನೆಗೆ ಗೊತ್ತುಮಾಡಿದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಕೆರೆಯ ಏರಿಯ ಮೇಲೆ ಇಪ್ಪತ್ತು ಮಂದಿ ಭಿತ್ತಿಪತ್ರ ಹಿಡಿದು ನಿಂತರೂ ಪ್ರಕರಣ ದಾಖಲಾಗುವ ಸಂಭವವಿದೆ. ಪಾಸ್‌ಪೋರ್ಟ್ ಅಥವಾ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಎದುರಿಗೆ ಬರುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ಒಬ್ಬ ಹುಡುಗಿಯ ತಂದೆ ಠಾಣೆಯ ಬೆಂಚಿನ ಮೇಲೆ ರಾತ್ರಿ ಹನ್ನೊಂದರವರೆಗೆ ಕುಳಿತದ್ದನ್ನು ಕಂಡವನು ನಾನು. ಏನಾಗಬಹುದೆಂದು ಮನೆಯವರಿಗೆ ಮೊದಲೇ ಹೇಳಿದ್ದರೆ ಆ ಬೆಂಚು ಅಷ್ಟು ಭಾರವಾಗುತ್ತಿರಲಿಲ್ಲ.

2020ರ ಜುಲೈನಲ್ಲಿ, ಮೇಲೆ ಹೇಳಿದ ಅದೇ ಕರಡಿನ ವಿರುದ್ಧ ಇಮೇಲ್ ಅಭಿಯಾನ ನಡೆಸಿದ ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ ಎಂಬ ಯುವಜನರ ಪರಿಸರ ಗುಂಪಿಗೆ ದೆಹಲಿ ಪೊಲೀಸರು ಭಯೋತ್ಪಾದನೆ ತಡೆಯ ಕಾಯ್ದೆಯಾದ ಯುಎಪಿಎ ಉಲ್ಲೇಖಿಸಿ ನೋಟಿಸ್ ಕಳಿಸಿ, ಆಮೇಲೆ ಹಿಂತೆಗೆದುಕೊಂಡರು. ಮರುವರ್ಷ ಫೆಬ್ರವರಿ 13ರಂದು ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು ರೈತ ಚಳವಳಿಯ ಟೂಲ್‌ಕಿಟ್ ಎಂಬ ದಾಖಲೆಯ ಸಲುವಾಗಿ ಬಂಧಿಸಲಾಯಿತು. 23ರಂದು ದೆಹಲಿಯ ನ್ಯಾಯಾಲಯ ಜಾಮೀನು ನೀಡಿತು. ಇವುಗಳಿಂದ ನಾನು ನನ್ನ ಕಕ್ಷಿದಾರರಿಗೆ ಹೇಳುವುದು ಇಷ್ಟೆ: ಹಂಚಿಕೊಂಡ ಕಡತದಲ್ಲಿ ಯಾರು ಏನು ಬರೆದರು ಎಂಬ ಲೆಕ್ಕವಿರಲಿ, ಅಪರಿಚಿತರಿಗೆ ತಿದ್ದುವ ಅವಕಾಶ ಕೊಡಬೇಡಿ, ಮತ್ತು ನ್ಯಾಯಾಧೀಶರೆದುರು ಗಟ್ಟಿಯಾಗಿ ಓದಲು ನಾಚಿಕೆಯಾಗುವ ಯಾವ ಸಾಲನ್ನೂ ವಾಟ್ಸಾಪ್‌ನಲ್ಲಿ ಬರೆಯಬೇಡಿ.


ವಾರ್ಡ್ ಲೆಕ್ಕ
2025 ನವೆಂಬರ್ 12

ನಾನು ಒಂದು ಪಕ್ಷದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಯಾವುದೆಂದು ಇಲ್ಲಿ ಬೇಡ. ಹೊಂಗೆ ನೆರಳು ಅವರ ಬಗ್ಗೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಫ್ಲೆಕ್ಸ್ ಕಟ್ಟಿಸುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ, ಒಪ್ಪುತ್ತೇನೆ. ಆದರೆ ಅರ್ಜಿ, ಆಕ್ಷೇಪಣೆಗಳೆಲ್ಲ ಬೇರೆಯವರು ಮಾಡಿದ ತೀರ್ಮಾನಕ್ಕೆ ಉತ್ತರ ಹೇಳುವ ಕೆಲಸ. ಒಳಚರಂಡಿಯ ಹಣ ಯಾವ ಬೀದಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವ ಕುರ್ಚಿ ಬೇರೆಯೇ ಇದೆ, ಆ ಕುರ್ಚಿ ಈಗ ಖಾಲಿ ಇದೆ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, 198 ವಾರ್ಡುಗಳಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243-ಯು ವಿಧಿ ಹೇಳಿದರೂ ವಾರ್ಡುಗಳು 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ ಬದಲಾದವೇ ಹೊರತು ಮತಪೆಟ್ಟಿಗೆ ಬರಲಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ; ಚುನಾಯಿತ ಸದಸ್ಯರು ಇನ್ನೂ ಇಲ್ಲ. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ: 2015ರ ಆಗಸ್ಟಿನ ನಂತರ 18 ತುಂಬಿದ ಬೆಂಗಳೂರಿನ ಯಾರೂ, ಅಂದರೆ ಇಂದು 28ರವರೆಗಿನ ಯಾರೂ, ತಮ್ಮ ಪಾಲಿಕೆ ಸದಸ್ಯನನ್ನು ಆರಿಸಲು ಒಮ್ಮೆಯೂ ಮತ ಹಾಕಿಲ್ಲ. ಕಾಲೇಜಿನಲ್ಲಿ ಕಲಿಯೋಣವೆಂದರೆ ಅಲ್ಲಿಯೂ ವಿದ್ಯಾರ್ಥಿ ಸಂಘದ ಚುನಾವಣೆಗಳು ಈ ರಾಜ್ಯದಲ್ಲಿ ಮೂರೂವರೆ ದಶಕದಿಂದ ನಿಂತಿವೆ. ಯುವಕರಿಗೆ ರಾಜಕೀಯ ಗೊತ್ತಿಲ್ಲವೆನ್ನುವವರು ಇದನ್ನೂ ಹೇಳಬೇಕು.

ವಾರ್ಡ್ ಸಮಿತಿಯ ಮಾತು ಇಲ್ಲಿ ಯಾರೂ ಎತ್ತಲಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಅವು ಇರಬೇಕೆಂಬುದು 243-ಎಸ್ ವಿಧಿ. ಸದಸ್ಯರಿಲ್ಲದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೋಡಲ್ ಅಧಿಕಾರಿಗಳು ಆ ಸಭೆಗಳನ್ನು ನಡೆಸಿದರು, ಕೆಲವು ವಾರ್ಡುಗಳಲ್ಲಿ ಚೆನ್ನಾಗಿ, ಹಲವೆಡೆ ಫೋಟೋಗಷ್ಟೇ. ಹೊಸ ಪಾಲಿಕೆಯಲ್ಲಿ ನಿಮ್ಮ ವಾರ್ಡ್ ಯಾವುದು, ಗಡಿ ಎಲ್ಲಿ ಎಂದು ಮೊದಲು ತಿಳಿದುಕೊಳ್ಳಿ. ರಾಜಕಾಲುವೆಯ ಆಚೆ ದಡ ಬೇರೆ ವಾರ್ಡಿಗೆ ಸೇರಿದ್ದರೆ ನಿಮ್ಮ ಅರ್ಧ ಜಗಳ ಅಲ್ಲಿಗೆ ಹೋಗುತ್ತದೆ.

ಪಾಲಿಕೆಗೆ ಸ್ಪರ್ಧಿಸಲು 21 ವರ್ಷ ಸಾಕು. ನಿಮ್ಮ ಗುಂಪಿನಲ್ಲಿ 24ರವರಿದ್ದಾರಲ್ಲ. ಗೆಲ್ಲುತ್ತೀರೆಂದು ಹೇಳುವುದಿಲ್ಲ, ಮೀಸಲಾತಿ ಪಟ್ಟಿ ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲ. ಆದರೆ ಅದಕ್ಕಿಂತ ಹಗುರವಾದ, ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಬಾಡಿಗೆ ಮನೆಯವರು, ಪಿ.ಜಿ.ಯವರು, ಶೆಡ್‌ನವರು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಸ್ಥಳೀಯ ಮುಖಂಡರು ಬೀದಿಯನ್ನು ತೂಗುವುದು ಆ ಪಟ್ಟಿಯಿಂದಲೇ. ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿಸಿರಿ. 18 ತುಂಬಿರಬೇಕಾದ ಅರ್ಹತಾ ದಿನಾಂಕಗಳು ಈಗ ವರ್ಷಕ್ಕೆ ನಾಲ್ಕಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ನೂರೈವತ್ತು ಹೊಸ ಹೆಸರು ಸೇರಿಸಿದ ಗುಂಪನ್ನು ಯಾರೂ ದೊಡ್ಡವರನ್ನು ಕರೆತನ್ನಿ ಎನ್ನುವುದಿಲ್ಲ, ಕುರ್ಚಿ ಎಳೆದು ಕೂರಿಸುತ್ತಾರೆ. ನಮ್ಮವರ ಗುಣ ನನಗೆ ಗೊತ್ತು.


ಹೊಂಗೆ ನೆರಳು
2025 ನವೆಂಬರ್ 12

ಮತದಾರರ ಪಟ್ಟಿಯ ಮಾತನ್ನು ಒಪ್ಪುತ್ತೇನೆ, ಅದು ನನಗೆ ಹೊಳೆಯಬೇಕಿತ್ತು. ಕುರ್ಚಿ ಎಳೆದು ಕೂರಿಸುವವರು ಚುನಾವಣೆಯ ಮರುದಿನ ಅದನ್ನು ಹಿಂದಕ್ಕೆ ಎಳೆಯುವುದನ್ನೂ ಕಂಡಿದ್ದೇನೆ, ಅದಿರಲಿ. ರಾತ್ರಿ ಪಾಳಿಯವರು ಕೇಳಿದ್ದಕ್ಕೆ ಉತ್ತರ ಬರೆಯಬೇಕಾದವರು ಹುಡುಗರು.

ಒಂದು ಹಳೆಯ ಸಂಗತಿ ನೆನಪಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಲ್ಕಣಿಯ ಬಳಿ ಜನ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತಾಗ, ಅಪ್ಪಿಕೋ ಎಂದು ಮುಂದೆ ಹೆಸರಾದ ಆ ಚಳವಳಿಯಲ್ಲಿ ಊರಿನ ಯುವಕ ಮಂಡಳಿಯವರು ಮುಂದಿದ್ದರು. ಊರಿನ ಹೆಂಗಸರು ಅವರ ಜೊತೆಗೆ ನಡೆದದ್ದರಿಂದ ಅದು ಹುಡುಗರ ಹಟವೆನಿಸದೆ ಊರಿನ ಮಾತಾಯಿತು.


ತೂಬಿನ ಕೆಳಗಿನವ
2025 ಡಿಸೆಂಬರ್ 21

ಉತ್ತರ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿದ್ದೇನೆ, ನಡುವೆ ಸೆಮಿಸ್ಟರ್ ಪರೀಕ್ಷೆಯಿತ್ತು.

ರಾತ್ರಿ ಪಾಳಿಯವರ ಪ್ರಶ್ನೆಗೆ ಅಂದು ಉತ್ತರಿಸಲು ಮುಖವಿರಲಿಲ್ಲ. ನಮ್ಮ ಹದಿನಾಲ್ಕು ಮಂದಿಯಲ್ಲಿ ಶೆಡ್‌ಗಳವರು ಒಬ್ಬರೂ ಇರಲಿಲ್ಲ. ಮನವಿಯಲ್ಲಿ ಲಾರಿ ಚಾಲಕರನ್ನು ಬಂಧಿಸಬೇಕೆಂದೇ ಬರೆದಿದ್ದೆವು. ನವೆಂಬರ್ ಮೂರನೆಯ ವಾರ ಆರು ಮಂದಿ ಅಲ್ಲಿಗೆ ಹೋದೆವು. ಹೆಚ್ಚಿನವರು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ವಾಸನೆಯ ಬಗ್ಗೆ ಕೇಳಿದರೆ ನಕ್ಕರು. ಅವರು ಮೊದಲು ತೋರಿಸಿದ್ದು ಮಳೆಗಾಲದಲ್ಲಿ ಕಾಲುವೆಯ ನೀರು ಶೆಡ್ಡಿನೊಳಗೆ ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತನ್ನು, ತಗಡಿನ ಮೇಲೆ ಮೊಳಕಾಲಿನ ಎತ್ತರಕ್ಕೆ ಒಂದು ಕಪ್ಪು ಗೆರೆ. ಅಳತೆಪಟ್ಟಿ ಹಿಡಿದು ಹನ್ನೆರಡು ಶೆಡ್‌ಗಳಲ್ಲಿ ಆ ಗೆರೆಯನ್ನು ಅಳೆದು ಬರೆದುಕೊಂಡೆವು. ಈಗ ಇಬ್ಬರು ಅಲ್ಲಿಂದ ಭಾನುವಾರ ಬರುತ್ತಿದ್ದಾರೆ. ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿ, ವಾರಕ್ಕೆ ಅದೊಂದೇ ರಜೆ, ಆದ್ದರಿಂದ ಸಭೆಯನ್ನು ಸಂಜೆ ಆರರಿಂದ ನಾಲ್ಕಕ್ಕೆ ತಂದಿದ್ದೇವೆ. ನಮೂನೆ 6ರಲ್ಲಿ ಮಾತ್ರ ಸೋತಿದ್ದೇವೆ. ವಿಳಾಸದ ಪುರಾವೆ ಇಲ್ಲದ್ದರಿಂದ ಶೆಡ್‌ಗಳವರ ಒಂದು ಅರ್ಜಿಯನ್ನೂ ಹಾಕಲು ಆಗಿಲ್ಲ, ಪಿ.ಜಿ. ಮತ್ತು ಬಾಡಿಗೆ ಮನೆಗಳಿಂದ 31 ಆಗಿವೆ.

ಹೊಸ ಮನವಿಯಲ್ಲಿ ಲಾರಿಯವರ ಬಂಧನದ ಸಾಲು ಇಲ್ಲ. ಯಾವ ಬೀದಿಗಳಿಗೆ ಒಳಚರಂಡಿ ಸಂಪರ್ಕವಿಲ್ಲ, ಅದರ ಕಾಮಗಾರಿಯ ಸ್ಥಿತಿ ಏನು, ಲಾರಿಗಳು ಕಾನೂನುಬದ್ಧವಾಗಿ ಖಾಲಿ ಮಾಡಲು ಅತಿ ಹತ್ತಿರದ ಜಾಗ ಯಾವುದು ಎಂದು ಕೇಳಿದ್ದೇವೆ. ಮೊಹರು ಹಾಕಿಸಿಕೊಂಡು ಬಂದೆವು. ಟಪಾಲಿನವರು ಒಂದು ಮಾತೂ ಆಡದೆ ಟಕ್ಕೆಂದು ಒತ್ತಿಕೊಟ್ಟರು. ಮೊನ್ನೆ ಹಿಂಬರಹವೂ ಬಂತು. ಒಂದೇ ಸಾಲು: ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’ ಯಾರ ವ್ಯಾಪ್ತಿಗೆ ಬರುತ್ತದೆಂದು ಬರೆದಿಲ್ಲ. ರಾಜಕಾಲುವೆ ಒಬ್ಬರದು, ಒಳಚರಂಡಿ ಇನ್ನೊಬ್ಬರದು, ಕೆರೆ ಮತ್ತೊಬ್ಬರದು ಎಂದು ಗೊತ್ತಿದೆ. ಈಗ ಮೂರು ಕಡೆಗೂ ಬೇರೆ ಬೇರೆ ಬರೆಯಬೇಕೇ?


ಹೊಂಗೆ ನೆರಳು
2025 ಡಿಸೆಂಬರ್ 21

ಬೇಡ. ಇದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಾಗಿ ಅದೇ ಕಚೇರಿಗೆ ಹಾಕಿ. ಆ ಕಾಯ್ದೆಯ 6(3)ನೇ ಸೆಕ್ಷನ್ ಪ್ರಕಾರ, ಮಾಹಿತಿ ತಮ್ಮಲ್ಲಿಲ್ಲದಿದ್ದರೆ ಅದು ಇರುವ ಪ್ರಾಧಿಕಾರಕ್ಕೆ ಐದು ದಿನದೊಳಗೆ ಅವರೇ ವರ್ಗಾಯಿಸಿ ನಿಮಗೆ ತಿಳಿಸಬೇಕು. ಯಾರ ವ್ಯಾಪ್ತಿ ಎಂಬುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ತಗಡಿನ ಗೆರೆಯ ಅಳತೆಗಳನ್ನು ಲಗತ್ತಿಸಬೇಡಿ, ಅರ್ಜಿಗೆ ಅದು ಬೇಕಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಸ್ಥಳ ಮಹಜರು ಮಾಡಿಸುವಾಗ ಬೇಕಾಗುತ್ತದೆ, ದಿನಾಂಕ ಹಾಕಿ, ಆ ಹನ್ನೆರಡು ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಇಟ್ಟುಕೊಳ್ಳಿ.